ಮುನ್ನೂರು ಮುತ್ತು

"ಮುನ್ನೂರು ಸಲಾನಾ! ಅಯ್ಯೋ ನನ್ನ ತಾಯಿ, ದಿನಕ್ಕೆ ಮುನ್ನೂರು ಸಲಾನಾ!" ಎನ್ನುತ್ತ ಲವಾಲಿ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅಮೆರಿಕದ ಹಳೆಯ ಬಟ್ಟೆ ಗಿರಣಿಗಳ ಊರಾದ ಲೋವೆಲ್‌ನ ಲೈಬ್ರರಿ, ಶನಿವಾರದ ಬೆಳಗ್ಗೆ. ಎಂಬತ್ತೊಂದು ವರ್ಷದ ಆ ಹೆಂಗಸು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರೆ, ಎದುರಿಗೆ ಕೂತ ಹೈಸ್ಕೂಲು ಹುಡುಗಿ ಮಾಲಿಸ್‌ಗೆ ಮೇಜಿನ ಕೆಳಗೆ ಹೋಗಿ ಅವಿತುಕೊಳ್ಳೋಣ ಅನ್ನಿಸುತ್ತಿತ್ತು. ಪೇಪರು ಓದುತ್ತಿದ್ದ ಮುದುಕರಿಬ್ಬರು ತಲೆಯೆತ್ತಿ ನೋಡಿದರು.

"ಕ್ಲಾಸಲ್ಲಿ ಎಲ್ಲರೂ ನಕ್ಕಾಯ್ತು ಮೇಡಂ. ನೀವೂ ನಗಬೇಕಾ?" ಎಂದಳು ಮಾಲಿಸ್.

ನಗುವುದಕ್ಕೆ ಕಾರಣವೇನೋ ಇತ್ತು. ಹೈಸ್ಕೂಲಿನಲ್ಲಿದ್ದುಕೊಂಡೇ ಕಾಲೇಜು ಮಟ್ಟದ ಅಮೆರಿಕದ ಇತಿಹಾಸ ಓದಿ ಬರೆಯುವ ಪರೀಕ್ಷೆ ಅದು. ಅದರಲ್ಲೊಂದು ದೊಡ್ಡ ಪ್ರಶ್ನೆ: ಹಳೆಯ ಕಾಲದ ಏಳು ಕಾಗದಪತ್ರ ಕೊಡುತ್ತಾರೆ, ಅವನ್ನು ಓದಿ, ತೂಗಿ ನೋಡಿ ಪ್ರಬಂಧ ಬರೆಯಬೇಕು. ಪಿಂಕಮ್ ಮೇಷ್ಟ್ರು ಅಭ್ಯಾಸಕ್ಕೆಂದು ಕೊಟ್ಟ ಏಳರಲ್ಲಿ ನಾಲ್ಕನೆಯದು, ನೂರು ವರ್ಷಕ್ಕೂ ಹಿಂದೆ ಇದೇ ಊರಿನ ಬಟ್ಟೆ ಗಿರಣಿಯ ಹೆಂಗಸೊಬ್ಬಳು ಅಧಿಕಾರಿಗಳ ಮುಂದೆ ಹೇಳಿದ ಮಾತು. "ದಿನಕ್ಕೆ ಮುನ್ನೂರು ಸಲ ಮುತ್ತು ಕೊಡಬೇಕು. ಒಲ್ಲೆ ಅಂದರೆ ಕೆಲಸ ಹೋಗುತ್ತದೆ. ನನಗಿಂತ ಮುಂಚೆ ಯಾರ ಬಾಯಿ ತಾಗಿತ್ತೋ ನನಗೆ ಗೊತ್ತಿಲ್ಲ." ಇದನ್ನು ಓದಿ ಮಾಲಿಸ್‌ಗೆ ರಕ್ತ ಕುದಿದಿತ್ತು. ಗಿರಣಿಯ ಮೇಸ್ತ್ರಿ ಹೆಣ್ಣುಮಕ್ಕಳಿಗೆ ಕೊಡುತ್ತಿದ್ದ ಕಾಟದ ಬಗ್ಗೆ ಎರಡು ಪುಟ ಜಾಡಿಸಿಬಿಟ್ಟಿದ್ದಳು. ಮೇಷ್ಟ್ರು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ, "ಮುನ್ನೂರು ಸಲವೇ? ಈ ಮೇಸ್ತ್ರಿಗೆ ಬೇರೆ ಕೆಲಸವೇ ಇರಲಿಲ್ಲವೇ?" ಎಂದು ಬರೆದು ಏಳು ಅಂಕಕ್ಕೆ ಎರಡು ಕೊಟ್ಟಿದ್ದರು.

ಸಾಲದ್ದಕ್ಕೆ ತರಗತಿ ಮುಗಿದ ಮೇಲೆ ಕರೆದು ಮೆತ್ತಗೆ ಹೇಳಿದ್ದರು: ಸೋಮವಾರ ಇದನ್ನೇ ಮತ್ತೆ ಬರೆದುಕೊಂಡು ಬಾ, ನಾಲ್ಕಾದರೂ ಬಾರದಿದ್ದರೆ ಪರೀಕ್ಷೆಯಿಂದ ಹೆಸರು ವಾಪಸ್ ತೆಗೆದುಕೊಳ್ಳುವುದು ಒಳ್ಳೆಯದು. ಮೆತ್ತಗೆ ಹೇಳಿದ್ದೇ ಹೆಚ್ಚು ಚುಚ್ಚಿತ್ತು. ಅವಳ ಬೀದಿಯ ಕಾಂಬೋಡಿಯದ ಮನೆಗಳಿಂದ ಆ ತರಗತಿಗೆ ಸೇರಿದ್ದವರು ಮೂವರು. ಇಬ್ಬರು ಆಗಲೇ ಸಾದಾ ತರಗತಿಗೆ ಇಳಿದಿದ್ದರು. ಉಳಿದವಳು ಇವಳೊಬ್ಬಳೇ.

"ಇದು ನಮ್ಮ ಇತಿಹಾಸ ಅಲ್ಲ ಮೇಡಂ," ಎಂದಳು ಮಾಲಿಸ್, ಕಾಗದ ಮಡಚುತ್ತ. "ಉಳಿದವರಿಗೆಲ್ಲ ಮನೇಲೇ ಗೊತ್ತಿರುತ್ತೆ. ಅವರ ಮುತ್ತಜ್ಜಿ ಗಿರಣೀಲಿದ್ಲು, ಇವರ ಮುತ್ತಾತ ಕಾಲುವೆ ಅಗೆದ. ನಮ್ಮೋರು ನಿನ್ನೆ ಮೊನ್ನೆ ಬಂದೋರು. ನನಗೆ ಹೆಂಗೆ ಹೊಳೀಬೇಕು?"

"ಸಾಕು ಸಾಕು, ಅಳೋದಿದ್ರೆ ಮನೇಲಿ ಅಳು. ಇಲ್ಲಿ ಒಂದು ಗಂಟೆ ಮಾತ್ರ ನಿಂದು." ಲವಾಲಿ ಮೇಡಂ ನಗು ನುಂಗಿಕೊಂಡರು. ಮೂವತ್ತು ವರ್ಷ ಇದೇ ಊರಲ್ಲಿ ಇತಿಹಾಸ ಹೇಳಿ ನಿವೃತ್ತರಾದವರು, ಈಗ ಶನಿವಾರ ಶನಿವಾರ ಲೈಬ್ರರಿಗೆ ಬಂದು ಬೇಕಾದವರಿಗೆ ಪುಕ್ಕಟೆ ಪಾಠ ಹೇಳುತ್ತಾರೆ. "ನಿಮ್ಮ ಪಿಂಕಮ್ ಇದಾನಲ್ಲ, ನನ್ನ ಶಿಷ್ಯನೇ. ಈ ನಾಲ್ಕನೇ ಕಾಗದ ನಾನೇ ಅವನಿಗೆ ಕೊಟ್ಟಿದ್ದು. ಪ್ರತಿ ವರ್ಷ ಒಂದು ಮಗು ಈ ಮುತ್ತಿನ ಗುಂಡೀಲಿ ಬೀಳುತ್ತೆ. ಪಿಂಕಮ್ಮೂ ಬಿದ್ದಿದ್ದ, ಕೇಳು ಬೇಕಾದ್ರೆ. ಅದಕ್ಕೇ ಇವತ್ತು ಇದನ್ನ ತಂದಿದೀನಿ."

ಚೀಲದಿಂದ ಕರವಸ್ತ್ರದಲ್ಲಿ ಸುತ್ತಿದ್ದ ಒಂದು ಲಾಳಿಯನ್ನು ತೆಗೆದು ಮೇಜಿನ ಮೇಲಿಟ್ಟರು. ಮಗ್ಗದಲ್ಲಿ ನೂಲು ಹೊತ್ತು ಅತ್ತಿತ್ತ ಓಡುವ ಮೊಳದುದ್ದದ ಮರದ ಲಾಳಿ, ಎರಡೂ ತುದಿಗೆ ಕಬ್ಬಿಣದ ಮೊನೆ, ಹೊಟ್ಟೆಯಲ್ಲಿ ನೂಲು ಸುತ್ತಿದ ಕಂಡಿಕೆ, ಪಕ್ಕದಲ್ಲಿ ಸಾಸಿವೆಯಷ್ಟು ಸಣ್ಣ ಒಂದು ತೂತು. ಅವರ ಅಜ್ಜಿಯದಂತೆ. ಕೆನಡಾದಿಂದ ಹದಿನಾರನೇ ವಯಸ್ಸಿಗೆ ಬಂದು ನದಿ ದಂಡೆಯ ಗಿರಣಿಯಲ್ಲಿ ಎಂಟು ಮಗ್ಗ ನೋಡಿಕೊಂಡವಳು.

"ಈಗ ಹೇಳು. ಕಂಡಿಕೆ ಒಳಗಿದೆ. ನೂಲು ಈ ತೂತಿನಿಂದ ಆಚೆ ಬರಬೇಕು. ಹೆಂಗೆ ತರ್ತೀಯ? ಮೂವತ್ತು ವರ್ಷ ಕೇಳಿದೀನಿ, ಒಂದು ಮಗೂನೂ..."

ಮಾಲಿಸ್ ಅಷ್ಟರಲ್ಲಿ ಲಾಳಿ ಎತ್ತಿಕೊಂಡಿದ್ದಳು. ಎಡಗೈ ಹೆಬ್ಬೆರಳಿಂದ ನೂಲಿನ ತುದಿಯನ್ನು ತೂತಿನ ಒಳಬಾಯಿಗೆ ಒತ್ತಿ, ಮರಕ್ಕೆ ತುಟಿ ಹಚ್ಚಿ, ಸುರ್ರೆಂದು ಒಮ್ಮೆ ಉಸಿರೆಳೆದಳು. ಬಾಯಿ ತೆಗೆದಾಗ ನೂಲು ಅವಳ ಕೆಳತುಟಿಗೆ ಅಂಟಿಕೊಂಡಿತ್ತು.

ಮೇಡಂ ಕನ್ನಡಕ ಏರಿಸಿಕೊಂಡು ಹುಡುಗಿಯ ತುಟಿಯ ಹತ್ತಿರಕ್ಕೆ ಬಾಗಿದರು.

"ಯಾರೇ ಹೇಳಿಕೊಟ್ರು ನಿಂಗೆ?"

"ಯಾರೂ ಇಲ್ಲ. ನಮ್ಮಜ್ಜಿ ಹಿಂಗೇ ಮಾಡೋದು. ದಿನಾ..."

ಅಷ್ಟು ಹೇಳಿ ಮಾಲಿಸ್ ತಟ್ಟನೆ ಮಾತು ನಿಲ್ಲಿಸಿದಳು. ತಾನು ಹೇಳಿದ್ದು ತನಗೇ ಈಗ ಕೇಳಿಸಿತು. ಮನೆಯಲ್ಲಿ ಟಿವಿ ಇಡಬೇಕಾದ ಜಾಗದಲ್ಲಿ ಅಜ್ಜಿಯ ಮಗ್ಗವಿದೆ, ಹುಟ್ಟಿದಾಗಿನಿಂದ ಅದರ ಟಕಟಕ ಕೇಳುತ್ತ ಬೆಳೆದವಳು, ಅಜ್ಜಿಯ ತುಟಿಯ ಮೇಲೆ ರೇಷ್ಮೆಯ ಬಣ್ಣ ನೋಡುತ್ತ ಬೆಳೆದವಳು. ಆದರೂ ಇದೇ ಊರಿನ ಹೆಂಗಸು ಕಾಗದದ ಮೇಲೆ ಮುತ್ತು ಎಂದಾಗ ಅವಳಿಗೆ ಕಂಡದ್ದು ಯಾವನೋ ಮೇಸ್ತ್ರಿ!

"ಲಾಳಿಗೆ," ಎಂದಳು, ಉಸಿರಿನಷ್ಟೇ ಸಣ್ಣ ದನಿಯಲ್ಲಿ. "ಆಕೆ ಮುತ್ತು ಕೊಡ್ತಿದ್ದಿದ್ದು ಲಾಳಿಗೆ."

"ಹೂಂ. ಗಿರಣಿಯಲ್ಲಿ ಅದಕ್ಕೆ ಹಾಗೇ ಅನ್ನೋರು. ಒಬ್ಬಳ ಪಾಳಿ ಮುಗಿದ ಮೇಲೆ ಅದೇ ಲಾಳಿ ಇನ್ನೊಬ್ಬಳ ಬಾಯಿಗೆ. ಕ್ಷಯ ಇದ್ದೋಳು, ಇಲ್ಲದೋಳು, ಎಲ್ಲರದೂ ಒಂದೇ. ನೂಲೆಳೆದೂ ಎಳೆದೂ ನನ್ನಜ್ಜಿಗೆ ಮುಂದಿನ ಹಲ್ಲೆರಡೂ ಇರಲಿಲ್ಲ." ಮೇಡಂ ಲಾಳಿಯನ್ನು ಮತ್ತೆ ಸುತ್ತಿಡಲಿಲ್ಲ, ಕೈಯಲ್ಲೇ ಹಿಡಿದುಕೊಂಡರು. "ನಾನು ಒಂದು ಸಲಾನೂ ಇದನ್ನ ಬಾಯಿಗೆ ಇಟ್ಟಿಲ್ಲ ಗೊತ್ತಾ? ಅಸಹ್ಯ ಅನ್ನಿಸ್ತಿತ್ತು. ಮನೆಗೆ ಹೋಗು ಮಾರಾಯ್ತಿ. ಇವತ್ತು ನಿನಗೆ ಪಾಠ ಹೇಳಬೇಕಾದೋಳು ನಾನಲ್ಲ."

ಮನೆಗೆ ಹೋದಾಗ ಅಜ್ಜಿ ಮಗ್ಗದ ಮುಂದೆಯೇ ಇದ್ದಳು. ಅಡುಗೆಮನೆಯಿಂದ ನಿಂಬೆಹುಲ್ಲು ಜಜ್ಜಿದ ವಾಸನೆ ಬರುತ್ತಿತ್ತು. ಮಾಲಿಸ್ ಕೋಟೂ ಬಿಚ್ಚದೆ ಬಾಗಿಲಲ್ಲೇ ನಿಂತು ನೋಡಿದಳು. ಅಜ್ಜಿ ಕಂಡಿಕೆ ಬದಲಿಸಿದಳು, ತುಟಿ ಹಚ್ಚಿದಳು, ಎಳೆದಳು, ಲಾಳಿ ಓಡಿತು. ಒಂದು ಗಳಿಗೆಯ ಕೆಲಸ. ಇಷ್ಟು ವರ್ಷ ಅದನ್ನು ನೋಡಿಯೂ ನೋಡದಂತಿದ್ದೆನಲ್ಲ ಎಂದುಕೊಂಡಳು.

"ಏನೇ, ಪೊಲೀಸಿನೋಳ ಹಂಗೆ ಬಾಗಿಲಲ್ಲಿ ನಿಂತ್ಕಂಡೆ? ಚಳಿ ಒಳಗೆ ಬರ್ತದೆ, ಹಾಕು ಬಾಗ್ಲು."

"ಅಜ್ಜಿ, ನೂಲು ಬಾಯಲ್ಲಿ ಎಳೀತೀಯಲ್ಲ, ಹೆಂಗಿರುತ್ತೆ ರುಚಿ?"

ಅಜ್ಜಿಗೆ ಅರವತ್ತು ವರ್ಷದ ನೇಯ್ಗೆಯಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಮೊದಲು ನಕ್ಕಳು. ಪರೀಕ್ಷೆಗೆ ಇದನ್ನೆಲ್ಲ ಕೇಳ್ತಾರಾ ಎಂದಳು. ಕೇಳ್ತಾರೆ ಎಂದಳು ಮೊಮ್ಮಗಳು.

"ಊರಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ರುಚಿ. ಅರಗಿನ ಕೆಂಪು ಒಗರು. ಹಳದಿ ಕಹಿ, ತೊಗಟೆಯಿಂದ ತೆಗೆಯೋದಲ್ವಾ. ಈ ಅಂಗಡಿ ಬಣ್ಣಕ್ಕೆ ಏನೂ ಇಲ್ಲ ಬಿಡು, ಸೋಪು ನೆಕ್ಕಿದಂಗೆ." ಅಜ್ಜಿ ಲಾಳಿಯನ್ನು ಮಡಿಲಲ್ಲಿಟ್ಟುಕೊಂಡಳು. "ಆದ್ರೆ ಬಣ್ಣಕ್ಕಿಂತ ಬಾಯಿ ರುಚಿನೇ ಹೆಚ್ಚು. ನಾವು ಐದು ಜನ ಹೆಣ್ಮಕ್ಳು, ಲಾಳಿ ಮೂರು. ಬಾಯಿಗಿಟ್ಟ ತಕ್ಷಣ ಹೇಳ್ತಿದ್ದೆ, ಇದು ಅಮ್ಮ ಬಿಟ್ಟಿದ್ದು, ಇದು ಅಕ್ಕ ಬಿಟ್ಟಿದ್ದು ಅಂತ. ನಮ್ಮಕ್ಕ ಸರೂನ್ ಎಲೆ ಅಡಿಕೆ ಹಾಕೋಳು. ಅವಳ ಲಾಳಿ ಹಿಡಿದ್ರೆ ನನ್ನ ಬಾಯೂ ಖಾರ ಖಾರ. ಬಯ್ತಿದ್ದೆ ಅವಳಿಗೆ, ಹಲ್ಲುಜ್ಜಿ ಕೂತ್ಕೊಳ್ಳೇ ಅಂತ."

ಸರೂನ್ ಹೆಸರನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಕಾಂಬೋಡಿಯದಲ್ಲಿ ಬಂದೂಕು ಹಿಡಿದವರು ಜನರನ್ನು ಊರು ಬಿಡಿಸಿ ಅಟ್ಟಿದ ಆ ಕೆಟ್ಟ ನಾಲ್ಕು ವರ್ಷಗಳಲ್ಲಿ ಗದ್ದೆ ಕೆಲಸಕ್ಕೆ ಎಳೆದೊಯ್ದವರು ಅವಳನ್ನು ವಾಪಸ್ ಕಳಿಸಿರಲಿಲ್ಲ. ಅವಳದೊಂದು ಫೋಟೋ ಕೂಡ ಇಲ್ಲ. ಅವಳ ಬಾಯ ಖಾರ ಇಲ್ಲಿ, ಹಿಮ ಕರಗುತ್ತಿರುವ ಈ ಊರಲ್ಲಿ, ಈ ಮುದುಕಿಯ ನಾಲಿಗೆಯ ಮೇಲೆ ಇನ್ನೂ ಇದೆ! ಮಾಲಿಸ್ ಅಜ್ಜಿಯ ಕಾಲ ಬಳಿ ನೆಲದ ಮೇಲೆ ಕೂತುಬಿಟ್ಟಳು.

ಭಾನುವಾರವಿಡೀ ಬರೆದಳು. ಸೋಮವಾರ ಪಿಂಕಮ್ ಮೇಷ್ಟ್ರು ಪ್ರಬಂಧವನ್ನು ಅವಳೆದುರಿಗೇ ಓದಿದರು, ಒಂದು ಪ್ಯಾರಾ ಎರಡು ಸಲ ಓದಿದರು. ಅದರಲ್ಲಿ ಹೀಗಿತ್ತು: ಆಕೆ ದೂರುತ್ತಿರುವುದು ಬಾಯಿಂದ ನೂಲೆಳೆಯುವ ಕೆಲಸವನ್ನಲ್ಲ, ಅದು ನೇಯುವವರಿಗೆಲ್ಲ ಇದ್ದದ್ದೇ. ಮನೆಯ ಮಗ್ಗದಲ್ಲಾದರೆ ಮುಂಚೆ ತಾಗಿದ ಬಾಯಿ ಯಾರದೆಂದು ಗೊತ್ತಿರುತ್ತದೆ. ಗಿರಣಿಯಲ್ಲಿ ಗೊತ್ತಿರುವುದಿಲ್ಲ. ಕೈಮಗ್ಗ ಹೋಗಿ ಗಿರಣಿ ಬಂತು ಎಂದರೆ ಆಕೆಗೆ ಆದದ್ದು ಇಷ್ಟು.

"ಹದಿನಾಲ್ಕು ವರ್ಷದಿಂದ ಈ ಕಾಗದ ಪಾಠ ಮಾಡ್ತಿದೀನಿ," ಎಂದರು ಮೇಷ್ಟ್ರು. "ಯಾರ ಬಾಯಿ ತಾಗಿತ್ತೋ ಅಂತಾಳಲ್ಲ, ಆಕೆಯ ಆ ಕೊನೇ ಸಾಲು ನಾನು ಓದೇ ಇರಲಿಲ್ಲ ಅನ್ನಿಸ್ತಿದೆ." ಏಳಕ್ಕೆ ಆರು ಕೊಟ್ಟರು. ಒಂದು ಕಳೆದದ್ದು ಅಜ್ಜಿಯ ಊರಿನ ವಿಷಯಕ್ಕೆ, ಅದು ಅಮೆರಿಕದ ಇತಿಹಾಸದಲ್ಲಿ ಬರುವುದಿಲ್ಲವಂತೆ. ಇದನ್ನು ಕೇಳಿ ಲವಾಲಿ ಮೇಡಂ, "ಬರೋದಿಲ್ವಂತಾ! ನಾನು ಹೋಗಿ ಅವನ ಕಿವಿ ಹಿಂಡ್ತೀನಿ ತಡಿ," ಎಂದು ಲೈಬ್ರರಿಯಲ್ಲೇ ಕೂಗಾಡಿದರು. ಮಾಲಿಸ್ ಹೆಸರು ಮಾತ್ರ ಪರೀಕ್ಷೆಯ ಪಟ್ಟಿಯಲ್ಲಿ ಉಳಿಯಿತು.

ಮೇ ತಿಂಗಳ ಒಂದು ಶುಕ್ರವಾರ, ಶಾಲೆಯ ಆಟದ ಹಾಲಿನಲ್ಲಿ ಸಾಲಾಗಿ ಮೇಜು ಹಾಕಿದ್ದರು. ದೊಡ್ಡ ಪ್ರಶ್ನೆಯಲ್ಲಿ ಗಿರಣಿಯೂ ಇರಲಿಲ್ಲ, ಲಾಳಿಯೂ ಇರಲಿಲ್ಲ. ರೈಲು ಕಂಪನಿಯೊಂದರ ವರದಿ, ಒಬ್ಬ ಸೆನೆಟರನ ಭಾಷಣ, ಕಾನೂನಿನ ಎರಡು ಕಲಮು, ಹೀಗೆ ಆರು. ಏಳನೆಯದು ಒಂದು ಫೋಟೋ. ದಕ್ಷಿಣದ ಯಾವುದೋ ಬಂದರು, ರೈಲಿಗೆ ಮೀನು ತುಂಬುವ ಶೆಡ್ಡು, ಮೀನು ಹೆಚ್ಚುವ ಉದ್ದನೆ ಹಲಗೆಯ ಮುಂದೆ ನಿಂತ ಒಬ್ಬ ಹೆಂಗಸು.

ಸುತ್ತ ನೂರು ಪೆನ್ನು ಆಗಲೇ ಓಡುತ್ತಿದ್ದವು. ಪಕ್ಕದ ಹುಡುಗ ಎರಡನೆಯ ಪುಟ ತಿರುವಿದ. ಮಾಲಿಸ್ ಪೆನ್ನು ಮುಟ್ಟದೆ ಫೋಟೋವನ್ನೇ ನೋಡುತ್ತಿದ್ದಳು. ಹೆಂಗಸಿನ ಮುಖ ಸ್ಪಷ್ಟವಾಗಿತ್ತು, ಹಣೆಯ ಗೆರೆ ಕೂಡ ಎಣಿಸಬಹುದಿತ್ತು. ಮುಂಗೈಯಿಂದ ಕೆಳಗೆ ಮಾತ್ರ ಏನೂ ಇಲ್ಲ, ಬೆಳ್ಳನೆಯ ಮಸುಕು. ಆ ಕಾಲದ ಕ್ಯಾಮೆರಾದಲ್ಲಿ ಅಲ್ಲಾಡಿದ್ದೆಲ್ಲ ಮಸುಕಾಗುತ್ತಿತ್ತು, ಅಲ್ಲಾಡಬೇಡ ಎಂದು ಫೋಟೋದವನು ಹೇಳಿರಬೇಕು. ಅವಳು ತಲೆಯೆತ್ತಿ ಅವನತ್ತ ನೋಡಿದ್ದಾಳೆ, ಕತ್ತು ನೆಟ್ಟಗೆ ಹಿಡಿದಿದ್ದಾಳೆ, ಕೈ ಮಾತ್ರ ನಿಲ್ಲಿಸಿಲ್ಲ.