ಚಪ್ಪಲಿ ಕಾಯುತ್ತಿದ್ದ ಅಕ್ಕ

ಆ ಫೋಟೋದಲ್ಲಿ ನಾನು ಎಲ್ಲಿದ್ದೇನೆ ಎಂದು ಈಗ ನನಗೇ ತಿಳಿಯುವುದಿಲ್ಲ. ಸಮುದ್ರದ ಮುಂದೆ ಸಾಲಾಗಿ ನಿಂತ ಹೆಂಗಸರೆಲ್ಲ ಹಣೆಗೆ ಕೈ ಅಡ್ಡ ಹಿಡಿದಿದ್ದೇವೆ. ಮುಖಗಳು ಅಂಗೈ ನೆರಳಲ್ಲಿ ಮುಳುಗಿವೆ. ಕಾಣುವುದು ಬೆರಳುಗಳು ಮಾತ್ರ, ಅವೂ ಬೆರಳಿನ ಹಾಗಿಲ್ಲ.

ನಾವು ಮೀನಿನ ಫ್ಯಾಕ್ಟರಿಯ ಕೋಲ್ಡ್ ರೂಮಿನವರು. ಕತ್ತಲಿರುವಾಗ ಒಳಗೆ, ಕತ್ತಲಾದ ಮೇಲೆ ಹೊರಗೆ. ಗೋಡೆಯಾಚೆಗೇ ಸಮುದ್ರ, ಹಗಲಲ್ಲಿ ಅದರ ಬಣ್ಣ ಏನೆಂದು ಕೇಳಿದ್ದರೆ ಯೋಚಿಸಿ ಹೇಳಬೇಕಿತ್ತು. ಐಸಿನಲ್ಲಿ ಕೈಯಾಡಿಸಿ ಬೆರಳು ಊದಿ ಬಿರಿಯುತ್ತಿದ್ದವು. ಬೆಚ್ಚನೆಯ ಕೈಗವಸು ಕೊಡಿ ಎಂದೆವು. "ಜೊತೆಗೆ ಉಂಗುರಾನೂ ಬೇಕಾ ಮಹಾರಾಣಿಯರಿಗೆ?" ಎಂದ ಸೂಪರ್‌ವೈಸರ್. ಕೆಲಸ ನಿಲ್ಲಿಸಿದೆವು. ಮುಷ್ಕರವೇ ಇಲ್ಲ, ಹೆಂಗಸರೆಲ್ಲ ಒಳಗೆ ಸಂತೋಷವಾಗಿದ್ದಾರೆ ಎಂದು ಮಾಲೀಕ ಪತ್ರಿಕೆಯಲ್ಲಿ ಹೇಳಿಕೆ ಕೊಟ್ಟ. ಸಂತೋಷವಂತೆ, ಸಂತೋಷ! ಹೊರಗಿರುವ ನಿಮ್ಮ ಫೋಟೋ ಕಳಿಸಿ, ಅಚ್ಚು ಹಾಕುತ್ತೇವೆ ಎಂದರು ಇನ್ನೊಂದು ಪತ್ರಿಕೆಯವರು.

ಮದುವೆ ಫೋಟೋ ತೆಗೆಯುವವನನ್ನು ಹಿಡಿದು ತಂದೆವು. ನಡುಮಧ್ಯಾಹ್ನ. ಅಂಥ ಬಿಸಿಲನ್ನು ಆಮೇಲೆ ನಾನು ಕಂಡಿಲ್ಲ. ಒದ್ದೆ ಮರಳು ತವರದ ತಗಡಿನ ಹಾಗೆ ಹೊಳೆಯುತ್ತಿತ್ತು. ಚಪ್ಪಲಿ ಬಿಟ್ಟು ನೀರಂಚಿಗೆ ಓಡಿದೆವು, ಬಿದ್ದೆವು, ನಕ್ಕೆವು.

ನನ್ನ ಅಕ್ಕನೂ ಕೋಲ್ಡ್ ರೂಮಿನವಳೇ, ಅವಳು ಮಾತ್ರ ದೂರ ಕುಳಿತಳು. ಭಾವ ಮಾಲೀಕನ ಕಾರು ಓಡಿಸುತ್ತಿದ್ದ; ಅವರಿದ್ದ ಎರಡು ಕೋಣೆಯ ಮನೆ ಫ್ಯಾಕ್ಟರಿಯದು. ಅಕ್ಕ ಕೆಲಸಕ್ಕೆ ಬಾರದ್ದು ಜ್ವರದಿಂದ ಎಂದು ಆಫೀಸಿಗೆ ಹೇಳಿಯಾಗಿತ್ತು.

"ಮುಖ ಕಂಡ್ರೆ ಮನೆ ಹೋಗುತ್ತೆ ಕಣೇ. ನಾನು ಚಪ್ಪಲಿ ಕಾಯ್ತೀನಿ, ಹೋಗು."

"ಈ ಹರಕು ಚಪ್ಪಲಿ ಯಾರು ಕದೀತಾರಕ್ಕ?"

"ಬಾಯಿ ಮುಚ್ಕೊಂಡು ಹೋಗೇ."

ಫೋಟೋದವನು ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದ, ತೆಗೆದ, ಮತ್ತೆ ತೂರಿಸಿದ. "ಕೈ ಇಳಿಸ್ರಮ್ಮ! ಒಬ್ಬರ ಮುಖಾನೂ ಕಾಣ್ತಿಲ್ಲ."

ಇಳಿಸಿದೆವು. ಟ್ಯೂಬ್‌ಲೈಟಿನಲ್ಲಿ ಸವೆದ ಕಣ್ಣುಗಳು. ನೀರು ಸುರಿಯಿತು, ರೆಪ್ಪೆ ಅಂಟಿಕೊಂಡವು. ಕೈಗಳು ತಾವಾಗಿ ಮೇಲೇರಿದವು.

"ಸ್ವಲ್ಪ ನಗುನಗ್ತಾ ಇರಿ."

"ಹುಡುಗ ನೋಡೋಕೆ ಬಂದಿದಾನೇನಪ್ಪಾ?" ಎಂದಳು ನಮ್ಮಲ್ಲಿ ಹಿರಿಯಳಾದ ಐಸಜ್ಜಿ. ಸಾಲಿಗೆ ಸಾಲೇ ಅಲುಗಿತು.

ಅವನು ಸೋತು ಕೈಚೆಲ್ಲಿದ. ಆಗ ಅವನಿಗೆ ಅಕ್ಕ ಕಂಡಳು. ಅವನೇನೂ ಕುಹಕಕ್ಕೆ ಕೇಳಿದ್ದಲ್ಲ, ಲೆನ್ಸಿಗೆ ಯಾರಾದರೂ ಅಡ್ಡ ಬಂದಾರೆಂದು ಕೇಳಿದ: "ಅಲ್ಲಿ ಕೂತೋರು ಯಾರಮ್ಮ? ನೀವೂ ಇವರ ಜೊತೆ ಕೆಲಸ ಮಾಡೋರಾ?"

ಅಲ್ಲ ಅಂದುಬಿಡಕ್ಕ, ಯಾರೂ ಏನೂ ಅಂದುಕೊಳ್ಳಲ್ಲ ಎಂದು ನನ್ನ ಮನಸ್ಸು ಕೂಗುತ್ತಿತ್ತು. ಅಕ್ಕ ಚಪ್ಪಲಿಗಳನ್ನು ನೋಡಿದಳು. ತನ್ನ ಕೈ ನೋಡಿಕೊಂಡಳು. ಎದ್ದಳು. ನಮ್ಮ ಚಪ್ಪಲಿಗಳನ್ನು ಅಲ್ಲೇ ಬಿಡಲು ಮನಸ್ಸಾಗದೆ ಎರಡು ಕೈ ತುಂಬ ಬಾಚಿಕೊಂಡು, ಏನೋ ಕೂಗುತ್ತಾ ಓಡಿ ಬಂದಳು. ಅವಳಿನ್ನೂ ಸಾಲು ಸೇರಿರಲಿಲ್ಲ, ಅವನು ಒತ್ತಿಬಿಟ್ಟ.

ಹೀಗೆ, ಹಣೆಗೆ ಹಿಡಿಯಲು ಕೈ ಬಿಡುವಿಲ್ಲದ ಒಬ್ಬಳ ಮುಖ ಮಾತ್ರ ಪೂರ್ತಿ ಬಿಸಿಲಲ್ಲಿ ಬಿತ್ತು. ಪತ್ರಿಕೆಯಲ್ಲಿ ಮಾಲೀಕನಿಗೆ ಗುರುತು ಸಿಕ್ಕಿದ್ದೂ ಅವಳೊಬ್ಬಳದೇ. ನಮ್ಮ ಕೈಗಳನ್ನು ಊರೆಲ್ಲ ನೋಡಿತು, ಕೈಗವಸು ಬಂದವು. ಅವು ಬರುವಷ್ಟರಲ್ಲಿ ಅಕ್ಕನ ಕೆಲಸವೂ ಭಾವನ ಕೆಲಸವೂ ಹೋಗಿದ್ದವು. ಹಾಸಿಗೆ, ಪಾತ್ರೆ, ಮಕ್ಕಳನ್ನು ಕಟ್ಟಿಕೊಂಡು ನನ್ನ ಒಂಟಿ ಕೋಣೆಗೆ ಬಂದರು. ಕಾಲು ಚಾಚಿದರೆ ಇನ್ನೊಬ್ಬರ ಹೊಟ್ಟೆಗೆ ತಾಗುತ್ತಿತ್ತು. ಭಾವ ಅಕ್ಕನ ಜೊತೆ ಮಾತು ಬಿಟ್ಟಿದ್ದ.

ಒಂದು ಸಂಜೆ ಅಕ್ಕ ಪತ್ರಿಕೆ ಬಿಡಿಸಿ ಕುಳಿತಳು. "ನೋಡೇ, ನಾನೊಬ್ಬಳೇ ಚೆನ್ನಾಗಿ ಬಂದಿರೋದು. ನಿಮ್ಮದೆಲ್ಲ ಬರೀ ಕೈ."

ಭಾವ ಗೋಡೆಗೆ ಮುಖ ಮಾಡಿ ಮಲಗಿದ್ದವನು ಹೊರಳಿ ಇಣುಕಿದ. ಬಹಳ ಹೊತ್ತು ನೋಡಿದ.

"ಚೆನ್ನಾಗೇನು ಬಂತು? ಬಾಯಿ ಅಷ್ಟಗಲ ತೆರೆದಿದ್ದೀಯಲ್ಲೇ."

"ಹೌದು ಅಂತಿದ್ದೆ," ಅಂದಳು ಅಕ್ಕ. "ಆ ಫೋಟೋದವನು ಕೇಳಿದ್ನಲ್ಲ."