ತಗಡಿಗೆ ಎರಡು ತಟ್ಟು

ಸೀಳಿದ ಎಲೆಕೋಸಿನ ಒಂದೊಂದೇ ಎಲೆ ಎತ್ತಿ, ಬುಡಕ್ಕೆ ಉಪ್ಪು ತುಂಬುತ್ತಿದ್ದಳು ಮಲ್‌ಸುನ್. ಚಳಿಗೆ ಒಡೆದ ಬೆರಳ ಸಂದಿಯಲ್ಲಿ ಉಪ್ಪು ಇಳಿದು ಕೆಂಡವಾಗಿತ್ತು. ಬಸ್ ಡಿಪೋದ ಅಂಗಳದಲ್ಲಿ ಕೋಸು ಗುಡ್ಡೆ ಬಿದ್ದಿತ್ತು. ಅಂದು ರಜೆಯಿದ್ದ ಕಂಡಕ್ಟರ್ ಹುಡುಗಿಯರೆಲ್ಲ ಕುಕ್ಕರುಗಾಲಲ್ಲಿ ಕೂತು, ಹಾಸ್ಟೆಲಿನ ಚಳಿಗಾಲಕ್ಕೆಲ್ಲ ಆಗುವಷ್ಟು ಕಿಮ್ಚಿ ಉಪ್ಪಿನಕಾಯಿಗೆ ಕೈ ಹಾಕಿದ್ದರು. ರಜೆಯೆಂದರೆ ಅದು.

"ಏ ಹದಿನೇಳು! ಕೋಸಿಗೆ ಮುದ್ದು ಮಾಡ್ತಿದ್ದೀಯೇನೇ? ಬಸ್ಸಿಗೆ ಜನ ತುರುಕ್ತೀಯಲ್ಲ, ಹಂಗೆ ತುರುಕು!" ವಾರ್ಡನ್ ಬ್ಯೊನ್ ಕೂಗಿದಳು.

ಹದಿನೇಳು ಅಂದರೆ ಮಲ್‌ಸುನ್‌ಳ ಬಸ್ಸಿನ ನಂಬರು. ಹೆಸರು ಹಿಡಿದು ಕರೆಯುವ ರೂಢಿ ಅಲ್ಲಿರಲಿಲ್ಲ.

"ಕೋಸು ಚಿಲ್ರೆ ಕೇಳಾಕಿಲ್ಲ ಅಮ್ಮಾವ್ರೇ, ಅದ್ಕೇ ಮುದ್ದು" ಅಂದಳು ಪಕ್ಕದಲ್ಲಿದ್ದ ಕಿಲ್ಜಾ. ಅವಳದೂ ಅದೇ ಬಸ್ಸು, ಹಿಂದಿನ ಬಾಗಿಲು. ಹುಡುಗಿಯರು ಕಿಸಕ್ಕನೆ ನಕ್ಕರು.

"ನಗ್ರೇ, ನಗಿ ಮುಂಡೇರಾ. ನಾಳೆ ಬಿಚ್ಚಿಸ್ದಾಗ ನೋಡ್ತೀನಿ ನಿಮ್ಮ ಹಲ್ಲು."

ಕೊನೆಯ ಟ್ರಿಪ್ಪು ಮುಗಿಸಿ ಬಂದ ಹುಡುಗಿಯರನ್ನು ಬ್ಯೊನ್ ಒಬ್ಬೊಬ್ಬರನ್ನಾಗಿ ಒಳಗೆ ಕರೆದು, ಬಟ್ಟೆ ಬಿಚ್ಚಿಸಿ, ತುರುಬಿನಿಂದ ಕಾಲುಚೀಲದವರೆಗೆ ಕದ್ದ ಕಾಸು ಹುಡುಕುತ್ತಿದ್ದಳು. ಮುಟ್ಟಿನ ಬಟ್ಟೆಯನ್ನೂ ಬಿಡುತ್ತಿರಲಿಲ್ಲ. ಯಾರಾದರೂ ಹಿಂದೆಗೆದರೆ, "ಕಾಸು ರಕ್ತಕ್ಕೆ ಹೆದರ್ತದೇನೇ?" ಅನ್ನುತ್ತಿದ್ದಳು.

ಉಪ್ಪು ಮುಗಿಯಿತು. ಮಲ್‌ಸುನ್ ಉಗ್ರಾಣದಿಂದ ಹೊಸ ಮೂಟೆ ಎಳೆದು ತಂದಳು. ಮೂಟೆಯ ಬಾಯಿಗೆ ಒಂದು ಮರದ ಬಿಲ್ಲೆ ಕಟ್ಟಿತ್ತು, ಅದರ ಮೇಲೆ ಮಸಿಯ ಅಕ್ಷರ. ಎರಡು ವರ್ಷದ ಹಿಂದಾಗಿದ್ದರೆ ಅದು ಅವಳ ಕಣ್ಣಿಗೆ ಬರೀ ಇರುವೆ ಸಾಲು. ಈಗ ಇಗರ್ಜಿಯ ನೆಲಮಾಳಿಗೆಯ ರಾತ್ರಿ ಶಾಲೆಗೆ ಹೋಗಿ ನಾಲ್ಕಕ್ಷರ ಕಲಿತಿದ್ದಳು. ತುಟಿಯಾಡಿಸುತ್ತ ಓದಿದಳು. ಜಿಲ್ಲೆ, ದ್ವೀಪ, ಉಪ್ಪಿನ ಗದ್ದೆಯ ಹೆಸರು. ಕೆಳಗೆ, ಬೊಕ್‌ನಿಮ್‌ಳ ತಾಯಿ.

ಹಗ್ಗ ಬಿಚ್ಚುತ್ತಿದ್ದ ಕೈ ಅಲ್ಲೇ ನಿಂತಿತು. ಬೊಕ್‌ನಿಮ್ ಎರಡು ವರ್ಷದ ಹಿಂದೆ ಅವಳ ಜೊತೆಗಿದ್ದ ಹುಡುಗಿ.

"ಏನೇ ಹಂಗೆ ನೋಡ್ತೀಯ?" ಅಂದಳು ಬ್ಯೊನ್. "ಆ ಕಳ್ಳಿಯ ತಾಯಿ ಕಳಿಸಿರೋದು. ಮಗಳು ಮಾಡಿದ ತಪ್ಪಿಗೆ. ಮುದುಕಿಗೆ ಮಾನ ಇದೆ, ನಿಮಗಿಲ್ಲ."

"ಆವತ್ತು ಒಂದ್ಸಲ ತಂದುಕೊಟ್ಟಿದ್ರಲ್ವಾ ಅಮ್ಮಾವ್ರೇ?"

"ವರ್ಷಾ ವರ್ಷಾ ಕಳಿಸ್ತಾಳೆ. ಹೋದ ಚಳಿಗಾಲ ನೀನು ತಿಂದೆಯಲ್ಲ ಕಿಮ್ಚಿ, ಅದಕ್ಕೆ ಇನ್ಯಾವ ಉಪ್ಪು ಅಂದ್ಕೊಂಡಿದ್ದೆ?"

ಅಂದು ರಾತ್ರಿಯೂ ಅವಳಿಗೆ ಎಚ್ಚರವಾಯಿತು. ಎದೆ ಓಡುತ್ತಿತ್ತು. ಮೈಯನ್ನು ಹಾಸಿಗೆಯಲ್ಲೇ ಬಿಟ್ಟು ಎದೆಯೊಂದೇ ಎದ್ದು ಬೀದಿಗೆ ಬಿದ್ದಂತೆ ಓಡುತ್ತಿತ್ತು. ಅಷ್ಟರಲ್ಲಾಗಲೇ ಅವಳ ಕೈ ಗೋಡೆಗೆ ಎರಡು ತಟ್ಟಿಬಿಟ್ಟಿತ್ತು. ಬಾಯಿ, "ಓರಾಯ್!" ಅಂದಿತ್ತು.

ಸಾಲಾಗಿ ಮಲಗಿದ್ದ ಹುಡುಗಿಯರು ನಿದ್ದೆಯಲ್ಲೇ ಬಾಗಿಲ ಕಂಬಿ ಹಿಡಿದವರಂತೆ ಮುಷ್ಟಿ ಬಿಗಿದರು. ಒಬ್ಬಳು ಪಕ್ಕದವಳ ಕಾಲನ್ನು ಗಟ್ಟಿಯಾಗಿ ಅವುಚಿಕೊಂಡಳು.

"ಅಮ್ಮಿ, ಬಸ್ಸು ನಿಲ್ಸೇ. ನಾನು ಉಚ್ಚೆಗೆ ಇಳೀಬೇಕು" ಅಂತ ಕಿಲ್ಜಾ ಗೊಣಗಿ ಮಗ್ಗುಲಾದಳು.

ಮಲ್‌ಸುನ್ ಎದೆಯ ಮೇಲೆ ಅಂಗೈ ಒತ್ತಿಕೊಂಡು ಕತ್ತಲಲ್ಲಿ ಕಿವಿಗೊಟ್ಟಳು. ಎದೆಯ ಓಟವನ್ನಾದರೂ ತಾಳಬಹುದಿತ್ತು. ಈ ಕಿವಿಗೊಡುವುದನ್ನು ತಾಳಲಾಗುತ್ತಿರಲಿಲ್ಲ. ಹಿಂದಿನಿಂದ ತಟ್ಟು ಬರುತ್ತದೆಯೇ ಎಂದು ಕಾಯುವುದು. ಅದು ಬರುತ್ತಿರಲಿಲ್ಲ.

ಬಸ್ಸಿಗೆ ಎರಡು ಬಾಗಿಲು, ಬಾಗಿಲಿಗೊಬ್ಬಳು ಹುಡುಗಿ. ಹಿಂದಿನವಳು ತನ್ನ ಬಾಗಿಲು ಹಾಕಿ ತಗಡಿಗೆ ಎರಡು ತಟ್ಟಬೇಕು. ಅದನ್ನು ಕೇಳಿ ಮುಂದಿನವಳು ಎರಡು ತಟ್ಟಿ, ಓರಾಯ್, ಅಂದರೆ ರೈಟ್, ಅನ್ನಬೇಕು. ಆಮೇಲೆಯೇ ಡ್ರೈವರು ಬಸ್ಸು ಬಿಡುವುದು. ಒಂದೇ ತಟ್ಟಿದರೆ, ನಿಲ್ಲು ಅಂತ. ಆಗ ಹಿಂದಿನ ಬಾಗಿಲು ಬೊಕ್‌ನಿಮ್‌ಳದು.

ಎರಡು ವರ್ಷದ ಹಿಂದಿನ ಆ ರಾತ್ರಿ ಕೊನೆಯ ಟ್ರಿಪ್ಪು. ಹನ್ನೆರಡಕ್ಕೆ ಕರ್ಫ್ಯೂ ಸೈರನ್ ಕೂಗಿತೆಂದರೆ ಸಿಯೋಲ್ ಪಟ್ಟಣದ ಬೀದಿಯಲ್ಲಿ ನರಪಿಳ್ಳೆ ಇರಕೂಡದು, ಬಸ್ಸೂ ಇರಕೂಡದು. ಮಲ್‌ಸುನ್ ಬೆಳಗಿನ ಜಾವ ನಿಂತವಳು ಹತ್ತೊಂಬತ್ತು ಗಂಟೆ ನಿಂತೇ ಇದ್ದಳು. ಕಂಬಿಗೆ ಹಣೆ ಆನಿಸಿ ತೂಕಡಿಸುತ್ತಿದ್ದಳು. ಹಿಂದೆ ಬೊಕ್‌ನಿಮ್ ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಕುಡಿದ ಮುದುಕನೊಬ್ಬನ ಬೆನ್ನಿಗೆ ಕೈಕೊಟ್ಟು ಹತ್ತಿಸುತ್ತಿದ್ದಳು. "ತಾತಾ, ಮೆಟ್ಲು. ನೋಡ್ಕೊಂಡು" ಅಂದದ್ದು ನಿದ್ದೆಗಣ್ಣಿನಲ್ಲೂ ಕೇಳಿಸಿತ್ತು.

"ತಟ್ಟೇ ಲೌಡಿ! ಸೈರನ್ ಕೂಗಿದ್ರೆ ಠಾಣೇಲಿ ನಿಮ್ಮಪ್ಪ ಮಲಗ್ತಾನೇನೇ?" ಅಂತ ಡ್ರೈವರ್ ತಾಕ್ ಕಿರುಚಿದ.

ಕೈ ತಟ್ಟಿತು. ಹಿಂದಿನಿಂದ ತಟ್ಟು ಬಂದಿರಲಿಲ್ಲ. ನಿಂತ ಜನ ಒಳಸರಿಯಲಿ ಎಂದು ತಾಕ್ ಎಂದಿನಂತೆ ಬಸ್ಸನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಸಿ ಎಳೆದ. ಹಿಂದಿನ ಬಾಗಿಲು ತೆರೆದೇ ಇತ್ತು.

ಮರುದಿನ ಆಫೀಸಿನಲ್ಲಿ ಬ್ಯೊನ್ ಒಂದು ಹಾಳೆ ಮುಂದಿಟ್ಟಳು. "ತಪಾಸಣೇಲಿ ಸಿಕ್ಕಿಬೀಳ್ತೀನಿ ಅಂತ ಹೆದರಿ, ಕದ್ದ ಕಾಸಿನ ಸಮೇತ ತಾನೇ ಹಾರಿದ್ಲು. ಇಷ್ಟೇ ಬರೆದಿರೋದು. ಹೆಬ್ಬೆಟ್ಟು ಒತ್ತು. ಇಲ್ಲಾಂದ್ರೆ ಓರಾಯ್ ಅಂದೋಳು ಯಾರು ಅಂತ ಬರೀಬೇಕಾಗ್ತದೆ, ಆಮೇಲೆ ನೀನು ಜೈಲು." ಮಲ್‌ಸುನ್ ಒತ್ತಿದಳು. ಕೆಂಪು ಮಸಿ ಉಗುರಿನ ಸಂದಿಯಲ್ಲಿ ಎಷ್ಟೋ ದಿನ ಉಳಿದಿತ್ತು.

ವಾರದ ಮೇಲೆ ತಾಯಿ ಬಂದಳು. ಮಗಳ ಬೂದಿಯ ಗಡಿಗೆ ಇಸಿದುಕೊಳ್ಳಲು ಬಂದವಳು ತಲೆಯ ಮೇಲೆ ಉಪ್ಪಿನ ಮೂಟೆ ಹೊತ್ತು ತಂದಿದ್ದಳು. ಆಫೀಸಿನ ಬಾಗಿಲಲ್ಲಿ ಅದನ್ನಿಳಿಸಿ, ಸೊಂಟ ಮುರಿದಂತೆ ಬಾಗಿ, "ನನ್ನ ಹೊಟ್ಟೇಲಿ ಕಳ್ಳಿ ಹುಟ್ಟಿದ್ಲಲ್ಲ ಸ್ವಾಮಿ. ತಪ್ಪಾಯ್ತು, ಹೊಟ್ಟೆಗಾಕ್ಕೊಳ್ಳಿ" ಅಂದಳು. ಎದ್ದು ಹೋಗುವಾಗ ಅಂಗಳದಲ್ಲಿ ಮಲ್‌ಸುನ್‌ಳ ಕೈ ಹಿಡಿದಳು.

"ನೀನೇನವ್ವಾ ಅವಳ ಜೊತೇಲಿದ್ದೋಳು? ಕೊನೇಲಿ ಏನಾರ ಅಂದ್ಲಾ?"

"ಇಲ್ಲ ಅವ್ವಾ" ಅಂದಿದ್ದಳು ಮಲ್‌ಸುನ್.

ಎರಡು ದಿನ ದುಡಿದ ಮೇಲೆ ಮತ್ತೆ ರಜೆ ಬಂತು. ಸಂಜೆ ನೆಲಮಾಳಿಗೆಯ ಶಾಲೆಗೆ ಹೋದಳು. ಕಲಿಸುತ್ತಿದ್ದವನು ಹಾ ಮೇಷ್ಟ್ರು, ಇನ್ನೂ ಕಾಲೇಜು ಓದುತ್ತಿದ್ದ ಕನ್ನಡಕದ ಹುಡುಗ. ಹನ್ನೊಂದು ತಿಂಗಳ ಹಿಂದೆ, "ನಿಮ್ಮಮ್ಮನಿಗೆ ಒಂದು ಕಾಗದ ಬರೀರಿ" ಎಂದು ಪಾಠ ಕೊಟ್ಟಿದ್ದ. ತಾಯಿಯಿಲ್ಲದ ಮಲ್‌ಸುನ್ ಬೊಕ್‌ನಿಮ್‌ಳ ತಾಯಿಗೆ ಬರೆಯಲು ಕೂತಿದ್ದಳು. ಆರು ಸಾಲು ಬರೆದು ನಿಲ್ಲಿಸಿದ್ದಳು. ಹಾಸ್ಟೆಲಿನಿಂದ ಹೋಗುವ ಕಾಗದವನ್ನೆಲ್ಲ ಬ್ಯೊನ್ ಒಡೆದು ಓದುತ್ತಾಳೆ, ವಿಳಾಸ ಗೊತ್ತಿಲ್ಲ, ಅಂತ ತನಗೆ ತಾನೇ ಹೇಳಿಕೊಂಡು ಅದನ್ನು ದಿಂಬಿನ ಹೊಟ್ಟಿನೊಳಗೆ ಹೂತಿಟ್ಟಿದ್ದಳು. ಈಗ ವಿಳಾಸ ಉಪ್ಪಿನ ಮೂಟೆಯ ಜೊತೆಗೇ ಬಂದು ಅಂಗಳದಲ್ಲಿ ಕೂತಿತ್ತು.

"ಕಾಗದ ಮುಗೀಲಿಲ್ವಾ ಅಕ್ಕಾ ಇನ್ನೂ?" ಅಂದ ಮೇಷ್ಟ್ರು.

"ಒಂದು ಮಾತು ಬರಿಯಾಕೆ ಬರಾಕಿಲ್ಲ ಮೇಷ್ಟ್ರೇ."

"ಯಾವುದು?"

"ತಟ್ಟಿದೆ."

"ಯಾರು ತಟ್ಟಿದ್ದು? ಪೂರ್ತಿ ಹೇಳಿ."

ಅವಳು ಕೆಮ್ಮಿದಳು. "ನಾನು ತಟ್ಟಿದೆ."

ಪಾಪ, ಅವನಿಗೇನು ಗೊತ್ತು. ಒತ್ತಕ್ಷರದ ತೊಡಕು ಅಂದುಕೊಂಡು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದ. ಎಲ್ಲರೂ ಹತ್ತು ಸಲ ಬರೀರಿ ಅಂದ. ಹೊಲಿಗೆ ಮಿಷನ್ನಿನ ಹುಡುಗಿಯರು, ಮನೆಗೆಲಸದವರು, ಚೌರಿ ಕಟ್ಟುವವರು, ಇಪ್ಪತ್ತೆರಡು ಜನ ತಲೆ ತಗ್ಗಿಸಿ ಬರೆದರು. ನಾನು ತಟ್ಟಿದೆ, ನಾನು ತಟ್ಟಿದೆ, ನಾನು ತಟ್ಟಿದೆ. ಸೀಸದ ಕಡ್ಡಿಗಳ ಸರಸರ ಸದ್ದು. ಮಲ್‌ಸುನ್ ಅವರ ನಡುವೆ ಕೂತು ನೋಡಿದಳು. ಅವಳಿಗೆ ಆ ಅಕ್ಷರ ಮೊದಲೇ ಬರುತ್ತಿತ್ತು.

ಆಮೇಲೆ ತಾನೂ ಕಡ್ಡಿ ಹಿಡಿದಳು.

"ಅವ್ವಾ, ಬೊಕ್‌ನಿಮ್ ಕದಿಯಲಿಲ್ಲ. ಹಾರಲಿಲ್ಲ. ಅವಳು ತಟ್ಟುವ ಮುಂಚೆ ನಾನು ತಟ್ಟಿದೆ. ಕೊನೆಯಲ್ಲಿ ಏನಂದಳು ಅಂತ ಕೇಳಿದಿರಿ. ಒಬ್ಬ ಮುದುಕನಿಗೆ, ತಾತಾ ಮೆಟ್ಲು, ನೋಡ್ಕೊಂಡು ಅಂದಳು. ಇದನ್ನು ಓದಿ ಹೇಳುವವರಿಗೆ ಗಟ್ಟಿಯಾಗಿ ಓದಲು ಹೇಳಿ, ಊರಿಗೆ ಕೇಳಿಸಲಿ. ಇನ್ನು ಮೇಲೆ ಉಪ್ಪು ಕಳಿಸಬೇಡಿ."

ಕೆಳಗೆ ಹೆಸರು ಬರೆದಳು, ಬಸ್ಸಿನ ನಂಬರು ಬರೆದಳು. ಸಾಲದೆನಿಸಿ, ಮೇಷ್ಟ್ರ ಮೇಜಿನ ಮೇಲಿದ್ದ ಕೆಂಪು ಮಸಿಗೆ ಹೆಬ್ಬೆಟ್ಟು ಅದ್ದಿ ಪಕ್ಕದಲ್ಲಿ ಒತ್ತಿದಳು.

ಮರುದಿನ ಬೆಳಗಿನ ಮೊದಲ ಟ್ರಿಪ್ಪು. ಬಸ್ಸು ಕಾಲಿಡಲು ಜಾಗವಿಲ್ಲದಂತೆ ತುಂಬಿತ್ತು. ಮೂರನೆಯ ಸ್ಟಾಪಿನಲ್ಲಿ ಹೋಟೆಲಿನ ಗೋಡೆಗೆ ಒರಗಿದಂತೆ ಕೆಂಪು ಅಂಚೆಡಬ್ಬಿ. ಇಳಿಯುವವರು ಇಳಿದರು, ಹತ್ತುವವರನ್ನು ಮಲ್‌ಸುನ್ ಎದೆಯಿಂದ ದೂಡಿ ಒಳಗೆ ಹಾಕಿದಳು. ಹಿಂದಿನಿಂದ ಕಿಲ್ಜಾಳ ಎರಡು ತಟ್ಟು ಸ್ಪಷ್ಟವಾಗಿ ಬಂದವು.

ಮಲ್‌ಸುನ್ ತಟ್ಟಲಿಲ್ಲ. ಕೆಳಗಿಳಿದಳು.

"ಎಲ್ಲಿಗೇ? ಏ!" ತಾಕ್ ಹಾರ್ನ್ ಒತ್ತಿಹಿಡಿದ. "ತಟ್ಟೇ ಲೌಡಿ! ಹೊತ್ತಾಯ್ತು!"

"ಏನಮ್ಮಾ ಇದು, ಫ್ಯಾಕ್ಟರಿ ಗೇಟು ಹಾಕ್ತಾರೆ!" ಒಳಗಿನಿಂದ ಯಾರೋ ಕೂಗಿದರು.

ಅವಳ ಎದೆ ರಾತ್ರಿಯ ಹಾಗೆಯೇ ಓಡುತ್ತಿತ್ತು. ಬಾಗಿಲ ಬಳಿಯಿಂದ ಡಬ್ಬಿಗೆ ಒಂಬತ್ತು ಹೆಜ್ಜೆ. ಐದನೆಯ ಹೆಜ್ಜೆಗೆ ತಾಕ್ ಗೇರು ಕಿರುಗುಟ್ಟಿಸಿದ, ತೆರೆದ ಬಾಗಿಲಿನೊಂದಿಗೇ ಬಸ್ಸು ಒಂದು ಗೇಣು ಜಗ್ಗಿತು.

ಹಿಂದಿನಿಂದ ಕಿಲ್ಜಾ ಬಲವಾಗಿ ತಗಡಿಗೆ ತಟ್ಟಿದಳು. ಒಂದೇ ಒಂದು.

ಬಸ್ಸು ನಿಂತಿತು. ಮಲ್‌ಸುನ್ ಒಳಲಂಗದ ಜೇಬಿನಿಂದ ಬಿಲ್ಲೆಯ ಮೇಲಿನ ವಿಳಾಸ ಬರೆದ ಕಾಗದ ತೆಗೆದು, ಡಬ್ಬಿಯ ಬಾಯಿಗೆ ಬೆರಳು ಹೋಗುವಷ್ಟೂ ತೂರಿಸಿ, ಬಿಟ್ಟಳು.