ಹದಿನೆಂಟು ಬೇಡ

ಒಡಹುಟ್ಟಿದ ಅಕ್ಕ-ತಮ್ಮ ಒಬ್ಬರನ್ನೊಬ್ಬರು ಕಂಡರಾಗದ ಎರಡು ಕಂಪನಿಗಳಲ್ಲಿ ಕೆಲಸಕ್ಕೆ ಸೇರಬಾರದು. ಸೇರಿದರೂ ಪಾತ್ರೆ ತೊಳೆಯುವಾಗ ಪಕ್ಕಪಕ್ಕ ನಿಲ್ಲಬಾರದು. ಇವರು ಎರಡೂ ಮಾಡಿದರು, ಅನುಭವಿಸಿದರು.

ಎರಡೂ ಕಂಪನಿಗಳದ್ದು ಮನೆಮನೆಯ ಟೀವಿಗೆ, ಫೋನಿಗೆ ಸಿನಿಮಾ, ಸೀರೀಸ್ ಕಳಿಸುವ ವ್ಯವಹಾರ. ಯಾವುದು ಯಾವತ್ತು ಬಿಡುಗಡೆಯಾಗಬೇಕೆಂದು ಗೋಡೆಯ ಮೇಲಿನ ದೊಡ್ಡ ಕ್ಯಾಲೆಂಡರಿನಲ್ಲಿ ಬರೆಯುವವಳು ಅಕ್ಕ. ಅದಕ್ಕೇ ಆಫೀಸಿನಲ್ಲಿ ಅವಳಿಗೆ ಪಂಚಾಂಗದಮ್ಮ ಅಂತ ಅಡ್ಡಹೆಸರು. ಎದುರಾಳಿ ಕಂಪನಿಯನ್ನು ಅಲ್ಲಿ ಎಲ್ಲರೂ ಕರೆಯುವುದು ಎದುರುಮನೆ ಅಂತ. ತಮ್ಮ ಆ ಎದುರುಮನೆಯಲ್ಲಿ ಕಥೆ ಬರೆಯುತ್ತಿದ್ದ. ನಾಲ್ಕು ವರ್ಷ ಒಂದೇ ಕಥೆಯನ್ನು ತಿದ್ದಿ ತೀಡಿ, ಬೈಸಿಕೊಂಡು, ಮತ್ತೆ ಬರೆದು, ಅಂತೂ ಅವನ ಮೊದಲ ಸೀರೀಸ್ ತಯಾರಾಗಿತ್ತು.

ಭಾನುವಾರ ಅಮ್ಮನ ಮನೆಯಲ್ಲಿ ಊಟ ಮುಗಿದಿತ್ತು. ಅಕ್ಕ ತಟ್ಟೆ ತೊಳೆದು ಕೊಡುತ್ತಿದ್ದಳು, ತಮ್ಮ ಒರೆಸುತ್ತಿದ್ದ.

"ಅಕ್ಕಾ, ನಿನ್ನಲ್ಲೇ ಇರ್ಲಿ. ಹದಿನೆಂಟನೇ ತಾರೀಕು, ಶುಕ್ರವಾರ. ಎಂಟೂ ಎಪಿಸೋಡು ಒಟ್ಟಿಗೆ ಬಿಡ್ತಾರೆ."

"ಅಯ್ಯೋ ಮಾರಾಯ, ನನಗ್ಯಾಕೆ ಹೇಳ್ತೀಯೋ? ನನ್ನ ಕೆಲಸ ಏನು ಅಂತ ಗೊತ್ತಿಲ್ವಾ?"

"ನಿನಗಲ್ದೆ ಇನ್ಯಾರಿಗೆ ಹೇಳ್ಲಿ?"

ಅಕ್ಕನಿಗೆ ಕರುಳು ಚುರುಕ್ ಎಂದಿತು. "ಸತ್ರೂ ಬಾಯಿ ಬಿಡಲ್ಲ, ಹೋಗು" ಅಂದಳು. ನಿಜವಾಗಿಯೂ ಹಾಗೇ ಅಂದುಕೊಂಡಿದ್ದಳು ಕೂಡ.

ಮಂಗಳವಾರ ಆಫೀಸಿನಲ್ಲಿ ಮೀಟಿಂಗು. ಎಲ್ಲರ ಮುಖವೂ ಜೋಲುಬಿದ್ದಿತ್ತು. ಎದುರುಮನೆಯವರು ಹೋದ ತಿಂಗಳು ಮುನ್ನೂರು ಹಳೇ ಸಿನಿಮಾಗಳನ್ನು ಸಾರಾಸಗಟಾಗಿ ಕೊಂಡು ತಮ್ಮ ಗೋದಾಮಿಗೆ ಹಾಕಿಕೊಂಡಿದ್ದರು. ಅವುಗಳಲ್ಲಿ ಅರ್ಧದಷ್ಟು ನಿನ್ನೆ ಮೊನ್ನೆಯವರೆಗೆ ಇವರ ಹತ್ತಿರವೇ ಇದ್ದವು. ಜನ ಸದ್ದಿಲ್ಲದೆ ಆ ಕಡೆ ಹೊರಟಿದ್ದರು. ಇವರ ಕೈಯಲ್ಲಿ ಉಳಿದದ್ದು ಒಂದೇ ಒಂದು ದೊಡ್ಡ ಸೀರೀಸ್. ಅದು ಇಪ್ಪತ್ತೈದಕ್ಕೆ ಅಂತ ಕ್ಯಾಲೆಂಡರಿನಲ್ಲಿತ್ತು.

"ಈ ತಿಂಗಳು ಅವರೂ ಏನೋ ಬಿಡ್ತಿದ್ದಾರಂತೆ" ಅಂದರು ದೊಡ್ಡ ಸಾಹೇಬರು. ಅವಳ ತಮ್ಮ ಅಲ್ಲಿರುವುದು ಅವರಿಗೆ ಗೊತ್ತಿತ್ತು. ಅಕ್ಕನ ಕಡೆ ತಿರುಗಿ, "ನಿಮ್ಮನ್ನ ಕೇಳ್ತಿಲ್ಲಮ್ಮ. ಮನೆ ವಿಷಯ ಮನೇಲಿರ್ಲಿ" ಅಂದರು. ಎಂಥಾ ದೊಡ್ಡ ಮನಸ್ಸು ನೋಡಿ! ಕೇಳದೆಯೇ ಕೇಳುವುದಕ್ಕೂ ಒಂದು ಕಲೆ ಬೇಕು.

ಅಕ್ಕ ಕ್ಯಾಲೆಂಡರಿನ ಕಡೆ ಮುಖ ತಿರುಗಿಸಿ ಕೂತಳು. ಮಾತು ಎಲ್ಲೆಲ್ಲೋ ಹೋಯಿತು. ಒಬ್ಬರು ಮುಂದಿನ ತಿಂಗಳಿಗೆ ಹಾಕೋಣ ಅಂದರು, ಇನ್ನೊಬ್ಬರು ಇಪ್ಪತ್ತೈದೇ ಇರಲಿ ಅಂದರು. ಕೊನೆಗೆ ಜಾಹೀರಾತು ವಿಭಾಗದ ಹುಡುಗಿ, ಪಾಪ ಅವಳಿಗೇನೂ ಗೊತ್ತಿಲ್ಲ, "ಪರೀಕ್ಷೆಗಳು ಮುಗಿದಿರ್ತವೆ, ಹದಿನೆಂಟಕ್ಕೆ ಬಿಟ್ರೆ ಹೇಗೆ ಸರ್?" ಅಂದಳು.

"ಹದಿನೆಂಟು ಬೇಡ" ಅಂದುಬಿಟ್ಟಳು ಅಕ್ಕ.

ಎಷ್ಟು ಬೇಗ ಅಂದಳೆಂದರೆ ಅದು ತನ್ನದೇ ದನಿ ಅಂತ ಅವಳಿಗೂ ಆಮೇಲೆ ಗೊತ್ತಾಯಿತು. ಕೋಣೆಯಲ್ಲಿ ಎಲ್ಲರೂ ಅವಳ ಕಡೆ ತಿರುಗಿದರು. ಅಕ್ಕ ತಡಬಡಾಯಿಸಿ ಕಾರಣ ಹುಡುಕಿದಳು. ನಾಲ್ಕನೇ ಎಪಿಸೋಡಿನ ಡಬ್ಬಿಂಗ್ ಬಾಕಿ ಇದೆ, ಐದನೆಯದಕ್ಕೆ ಸಂಗೀತ ಕೂರಿಸಿಲ್ಲ ಅಂದಳು. ಎಲ್ಲವೂ ನಿಜವೇ. ಆದರೆ ಸಾಹೇಬರು ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದರು.

"ಹದಿನೆಂಟೇ ಇರ್ಲಿ. ಮೊದಲ ದಿನ ಮೂರು ಎಪಿಸೋಡು, ಆಮೇಲೆ ವಾರಕ್ಕೊಂದು. ಎದುರುಮನೆಯವರದ್ದು ಯಾವಾಗ್ಲೂ ಎಲ್ಲಾ ಒಟ್ಟಿಗೆ ಸುರಿಯೋ ಜಾಯಮಾನ. ಅವರ ಆಟ ನಡೆಯೋದೆಲ್ಲ ಆ ಮೊದಲ ಶನಿವಾರ-ಭಾನುವಾರ. ಆ ಎರಡು ದಿನ ಕಿತ್ಕೊಂಡ್ರೆ ಮುಗೀತು."

ತಾರೀಕು ಬರೆಯುವವಳು ಅವಳೇ ತಾನೆ, ಎದ್ದು ಹೋಗಿ ತನ್ನ ಕೈಯಾರೆ ಬರೆದಳು.

ಆಮೇಲಿನ ದಿನಗಳನ್ನು ಯಾರಿಗೆ ಹೇಳಿಕೊಳ್ಳುವುದು? ತಮ್ಮನಿಗೆ ಫೋನ್ ಮಾಡಿ ಎಚ್ಚರಿಸಿದರೆ ಉಂಡ ಮನೆಗೆ ಎರಡು ಬಗೆದಂತೆ. ಸುಮ್ಮನಿದ್ದರೆ ಒಡಹುಟ್ಟಿದವನನ್ನು ನೀರಿಗೆ ತಳ್ಳಿದಂತೆ. ನಾಲ್ಕು ಸಲ ಫೋನ್ ಎತ್ತಿದಳು, ನಾಲ್ಕು ಸಲವೂ ಇಟ್ಟಳು. ಏಳನೇ ತಾರೀಕು, ಸೋಮವಾರ, ಹದಿನೆಂಟು ಅಂತ ಬರೆದ ಪೋಸ್ಟರುಗಳು ಊರ ತುಂಬ ಬಂದವು. ಬಸ್ಸಿನ ಬೆನ್ನಿನ ಮೇಲೆ ಅದನ್ನು ಕಂಡಾಗಲೆಲ್ಲ ಅಕ್ಕ ತಲೆ ತಗ್ಗಿಸಿದಳು.

ಹನ್ನೊಂದನೇ ತಾರೀಕು ಬೆಳಿಗ್ಗೆ ಎದುರುಮನೆಯವರು ತಮ್ಮನ ಸೀರೀಸ್ ಬಿಟ್ಟರು. ಎಂಟೂ ಎಪಿಸೋಡು ಒಟ್ಟಿಗೆ, ಒಂದು ವಾರ ಮೊದಲೇ.

ಅಬ್ಬಾ, ಬಚಾವಾದ! ಅಕ್ಕನಿಗೆ ಮೊದಲು ಬಂದದ್ದು ಖುಷಿಯೇ, ಆಣೆ ಮಾಡಿ ಹೇಳಬಹುದು. ಕಣ್ಣಲ್ಲಿ ನೀರೇ ಬಂತು. ಆಫೀಸಿನ ಮೆಟ್ಟಿಲು ಹತ್ತುವಾಗಷ್ಟೇ ತಲೆ ಓಡಿತು. ಹೀಗೆ ನಾಲ್ಕೇ ದಿನದಲ್ಲಿ ತಾರೀಕು ಬದಲಾಯಿಸಲು ಆಗುವುದಿಲ್ಲ, ಅದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹನ್ನೊಂದು ಅಂತ ಮೊದಲೇ ಇತ್ತು. ಅವನು ಸುಳ್ಳು ಹೇಳಿದ್ದ.

"ಅಕ್ಕ-ತಮ್ಮ ಸೇರಿ ಚೆನ್ನಾಗಿ ನಾಟಕ ಆಡಿದ್ರಿ" ಅಂದರು ಸಾಹೇಬರು. "'ಹದಿನೆಂಟು ಬೇಡ' ಅಂತೆ! ಎಷ್ಟು ಸಹಜವಾಗಿ ಅಂದ್ರಿ!"

ಹಳೇ ಸಿನಿಮಾಗಳ ಪಟ್ಟಿ ಸರಿಮಾಡುವ ಮೂಲೆಯ ಕೋಣೆಗೆ ಅವಳನ್ನು ಅವತ್ತೇ ಸಾಗಹಾಕಿದರು. ಕ್ಯಾಲೆಂಡರಿನ ಮುಂದೆ ಜಾಹೀರಾತಿನ ಹುಡುಗಿ ನಿಂತಳು.

ಭಾನುವಾರ ಅಕ್ಕ ಅಮ್ಮನ ಮನೆಗೆ ಹೋದದ್ದು ಜಗಳಕ್ಕೆಂದೇ. ಬಾಗಿಲು ತೆಗೆದ ಅಮ್ಮ "ಬಾ" ಅನ್ನದೆ ಒಳಗೆ ಹೋದರು. ತಮ್ಮ ಅಡುಗೆಮನೆಯಲ್ಲಿದ್ದ. ಗೆದ್ದವನ ಕಳೆ ಅವನ ಮುಖದಲ್ಲಿರಲಿಲ್ಲ.

"ಸುಳ್ಳು ಹೇಳಿದ್ದು ಹೌದು" ಅಂದ. "ಅವರು ಹನ್ನೊಂದಕ್ಕೆ ಅಡ್ಡ ಬರ್ಬಾರ್ದು, ನಿಮ್ಮಕ್ಕನ ಕಿವಿಗೆ ಹದಿನೆಂಟು ಅಂತ ಹಾಕು ಅಂತ ನಮ್ಮ ಮೇಡಮ್ಮು ಹೇಳಿದ್ರು. ಹಾಕ್ತೀನಿ, ಆದ್ರೆ ಏನೂ ಉಪಯೋಗ ಇಲ್ಲ, ನಮ್ಮಕ್ಕನ ಬಾಯಿಂದ ಒಂದಕ್ಷರ ಹೊರಗೆ ಬರಲ್ಲ ಅಂದೆ. ಎಲ್ಲರೆದುರು ಎದೆ ತಟ್ಕೊಂಡು ಅಂದೆ ಅಕ್ಕಾ. ಆ ಧೈರ್ಯದ ಮೇಲೇ ಸುಳ್ಳು ಹೇಳಿದ್ದು. ಸೋಮವಾರ ನಿಮ್ಮ ಪೋಸ್ಟರ್ ಬಂತು. ಇಡೀ ಆಫೀಸು ನನ್ನ ನೋಡಿ ನಗ್ತು."

"ನಿನ್ನ ಧೈರ್ಯಕ್ಕಿಷ್ಟು ಬೆಂಕಿ ಹಾಕ! ನಾನೆಲ್ಲೋ ಹೇಳ್ದೆ?"

"ಮತ್ತೆ ಹದಿನೆಂಟು ಅವರಿಗೆಲ್ಲಿಂದ ಬಂತು?"

"ಅವರೇ ಆ ಮಾತು ತೆಗೆದ್ರು. ನಾನು ಬೇಡ ಅಂದೆ. ಅಷ್ಟೇ ನಾನಂದಿದ್ದು."

"ಬೇಡ ಅಂದ್ಯಾ? ಯಾಕೆ?"

ಅಕ್ಕ ಅವನ ಮುಖವನ್ನೇ ನೋಡಿದಳು. ತಮ್ಮನಿಗೆ ಆಗ ಹೊಳೆಯಿತು. ಕಿವಿಯ ತನಕ ಕೆಂಪಾದ.

"ನಾನು ಅಮ್ಮಂಗೆ ಹೇಳ್ಬಿಟ್ಟೆ" ಅಂದ ಸಣ್ಣ ದನಿಯಲ್ಲಿ. "ಅಕ್ಕ ನನ್ನನ್ನ ಮುಳುಗಿಸೋಕೆ ನೋಡಿದ್ಲು ಅಂತ."

ಬಾಗಿಲಲ್ಲಿ ಅಮ್ಮ "ಬಾ" ಅನ್ನದ್ದು ಯಾಕೆಂದು ಅಕ್ಕನಿಗೆ ಈಗ ಗೊತ್ತಾಯಿತು. ಅಷ್ಟರಲ್ಲಿ ತಮ್ಮ ಹೊರಗೆ ಓಡಿದ್ದ. "ಅಮ್ಮಾ, ಇಲ್ಲಿ ಕೇಳು, ಅಕ್ಕ ಹೇಳಿಲ್ಲ, ನನ್ನನ್ನ ಉಳಿಸೋಕೆ ಹೋಗಿ..." ಎಂದು ಒಂದೇ ಉಸಿರಿಗೆ ಒದರುವುದು ಕೇಳಿಸುತ್ತಿತ್ತು. ಅಮ್ಮ ಪೂರ್ತಿ ಕೇಳಿಸಿಕೊಂಡರು.

"ಸಾಕು ಬಿಡೋ" ಅಂದರು ಆಮೇಲೆ. "ಅವಳ ಮೇಲೆ ನಿನಗೆ ಪ್ರಾಣ, ನನಗೆ ಗೊತ್ತಿಲ್ವಾ? ಆದ್ರೆ ಕಥೆ ಕಟ್ಟೋದೇ ನಿನ್ನ ಕಸುಬು ಅಂತಾನೂ ಗೊತ್ತು. ಬಾ, ಊಟಕ್ಕೆ ಕೂತ್ಕೋ."